ಬೊಲೋನ್ಯಾ: ಹೋಟೆಲ್ ಮೇಜಿಗೆ ಕೂರದೆ ಉಂಡ ಲೆಕ್ಕ

ಹೋಟೆಲಿಗೆ ಹೋಗದೆ ಇಟಲಿಯ ಬೊಲೋನ್ಯಾ ಊರಿನ ರುಚಿ ಸಿಗದು ಅಂದವರೇ ಹೆಚ್ಚು. ಸಿಕ್ಕಿತು, ವೈನೂ ಸೇರಿ ತಲೆಗೆ ಹತ್ತು-ಹನ್ನೆರಡು ಯೂರೋ. ಅಷ್ಟಕ್ಕೆ ಹೋಟೆಲಲ್ಲಿ ಒಂದು ತಟ್ಟೆ ಪಾಸ್ತಾ ಬಂದರೆ ಹೆಚ್ಚು, ಮೇಲೆ ಕೂತಿದ್ದಕ್ಕೆ 'ಕೊಪೆರ್ತೊ' ಎರಡು-ಮೂರು ಯೂರೋ ಬೇರೆ.

ಊರಿನ ದೊಡ್ಡ ಚೌಕ ಪಿಯಾತ್ಸಾ ಮಾಜೋರೆ ಪಕ್ಕದ ಹಳೇ ಪೇಟೆ, ಕ್ವಾದ್ರಿಲಾತೆರೊ ಗಲ್ಲಿಗಳಲ್ಲಿ ತಿನ್ನುವುದನ್ನು ಕಟ್ಟಿಸಿಕೊಂಡು, ಅಲ್ಲೇ ಇರುವ ವೈನ್ ಅಂಗಡಿ ಓಸ್ತೆರಿಯಾ ದೆಲ್ ಸೋಲೆಯಲ್ಲಿ ಕೂರುವುದು, ಅಷ್ಟೇ. 1465ರಿಂದ ನಡೆಯುತ್ತಿರುವ ಜಾಗ. ಕುಡಿಯುವುದು ಅವರದು, ತಿನ್ನುವುದು ನಾವು ತಂದದ್ದು.

ಮೊದಲ ಸಲ ಕೈಕೊಟ್ಟಿದ್ದು ಮೊರ್ತಾದೆಲ್ಲಾ, ಹೋಳು ಮಾಡಿ ಕೊಡುವ ಹಂದಿಮಾಂಸದ ದಪ್ಪ ಸಾಸೇಜು. ಬೆಳಿಗ್ಗೆ ಹತ್ತಕ್ಕೇ 300 ಗ್ರಾಂ ಕೊಂಡಿದ್ದೆ. ಒಂದು ಗಂಟೆಗೆ ಬಿಚ್ಚಿದರೆ ಕೊಬ್ಬು ಬೆವರಿ ಕಾಗದವೆಲ್ಲ ಜಿಡ್ಡು, ಹೋಳುಗಳು ಅಂಟಿಕೊಂಡು ಒಂದೇ ಮುದ್ದೆ. ಆರೇಳು ಯೂರೋ ಹೋಯಿತು. ಈಗ ಬ್ರೆಡ್ ಮೊದಲು, ಚೀಸ್ ಆಮೇಲೆ, ಮೊರ್ತಾದೆಲ್ಲಾ ಕಟ್ಟಕಡೆಗೆ. ತಲೆಗೆ 'ಉನ್ ಎತ್ತೊ' (100 ಗ್ರಾಂ) ಸಾಕೋ ಸಾಕು. 'ಸೊತ್ತೀಲೆ' ಅನ್ನಿ, ತೆಳ್ಳಗೆ ಕೊಯ್ಯುತ್ತಾರೆ. ದಪ್ಪವಾದರೆ ನಾಲಗೆ ಮೇಲೆ ಕರಗುವುದಿಲ್ಲ, ಬಾಯೆಲ್ಲ ಎಣ್ಣೆ ಎಣ್ಣೆ.

ವೈನಿನಲ್ಲೂ ಎಡವಿದ್ದೆ. ಸಾಂಜೋವೇಸೆ ಎಂಬ ಕೆಂಪು ವೈನ್ ರಾಗುವಿಗೆ (ಪಾಸ್ತಾದ ಮಾಂಸದ ಸಾಸ್) ಸರಿ, ಮೊರ್ತಾದೆಲ್ಲಾಗೆ ಒಗರು. ನೊರೆಯ ಕೆಂಪು ವೈನ್ ಲಾಂಬ್ರುಸ್ಕೊವನ್ನು ತಣ್ಣಗೆ ತಗೊಳ್ಳಿ, ಅದರ ನೊರೆ, ಹುಳಿ ಎರಡೂ ಜಿಡ್ಡು ಕಡಿಯುತ್ತವೆ. ಕೆಂಪು ವೈನ್ ತಣ್ಣಗೆ ಕುಡಿಯುವುದೇ ಎಂದು ಮೂಗು ಮುರಿದವರು ಎರಡನೇ ಗ್ಲಾಸು ತಾವೇ ಕೇಳಿದರು. ಬಿಳಿ ಬೇಕಾದರೆ ಅಲ್ಲಿನ ಗುಡ್ಡಗಳದೇ ಪಿನ್ಯೊಲೆತ್ತೊ.

ಸಸ್ಯಾಹಾರಿಗಳಿಗೆ ಇದು ಕಷ್ಟದ ಊರು. ಕ್ರೆಶೆಂತಾ ನೋಡಲು ಬರೀ ಬ್ರೆಡ್, ಒಳಗೆ ಹಂದಿಮಾಂಸದ ಚೂರು. ಪಾರ್ಮಿಜಾನೊ ಚೀಸಿನ ಹಾಲು ಒಡೆಸುವುದೇ ಕರುವಿನ ಹೊಟ್ಟೆಯ ರೆನೆಟ್‌ನಿಂದ.

ನಡುವೆ ಕೋಣೆಯಲ್ಲೇ ತಾಲ್ಯಾತೆಲ್ಲೆಗೂ (ಉದ್ದುದ್ದ ಪಟ್ಟಿಯ ಪಾಸ್ತಾ) ಕೈ ಹಾಕಿದೆ. 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ, ಅರ್ಧ ಗಂಟೆ ಮುಚ್ಚಿಟ್ಟು ಲಟ್ಟಿಸುವುದು. ಬೆಂದಾಗ ಅಗಲ 8 ಮಿ.ಮೀ. ಇರಬೇಕೆಂದು 1972ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲಿಸಿಟ್ಟಿದ್ದಾರೆ. ಅದು ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಭಾಗವಂತೆ! ಬೆಂದಾಗ ಹಿಗ್ಗುತ್ತದೆ, ಹಸಿಯಲ್ಲಿ ಏಳರ ಆಸುಪಾಸಿಗೆ ಕೊಯ್ಯಬೇಕು. ನಾನು ಎಂಟಕ್ಕೇ ಕೊಯ್ದು ಬೆಂದಾಗ ತೀರಾ ಅಗಲವಾಯಿತು. ಚಪಾತಿ ಲಟ್ಟಣಿಗೆ ಸಾಲದು, ಅವರದು ಮಾರುದ್ದದ್ದು.

ಬ್ರೆಡ್ ಯಾವ ಅಂಗಡಿಯದು ಅಂತ ಮಾತ್ರ ಕೇಳಬೇಡಿ. ಈಗಲೇ ಅಲ್ಲಿ ಕ್ಯೂ ಉದ್ದ.