‘ಮತ್ತು’ ತೆಗೆದ ಮೇಲೆ ದಾರಿಗೆ ಬಂತು: ಸಂಯೋಜಿತ ವಾಕ್ಯ ಕಲಿಸಿದ ನನ್ನ ಅನುಭವ

ಏಳನೇ ತರಗತಿಗೆ ಸಂಯೋಜಿತ ವಾಕ್ಯ (ಸ್ವತಂತ್ರವಾಗಿ ನಿಲ್ಲಬಲ್ಲ ವಾಕ್ಯಗಳನ್ನು ‘ಮತ್ತು’, ‘ಆದರೆ’ಯಂಥ ಪದದಿಂದ ಜೋಡಿಸಿದ್ದು) ಕಲಿಸಲು ಆ ಜೋಡಿಸುವ ಪದಗಳ ಕಾರ್ಡಿನ ಕಟ್ಟು ಹಿಡಿದು ಹೊರಟಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. ‘ಆಟ ಆಡಿಸ್ತಾ ಕೂತರೆ ಪೋರ್ಷನ್ ಮುಗಿಯುತ್ತಾ?’ ಎಂದರು. ಈಗ ಅವರಲ್ಲೇ ಒಂದಿಬ್ಬರು ಆ ಕಟ್ಟು ಕೇಳಿಕೊಂಡು ಬರುತ್ತಾರೆ!

ಮೊದಲು ಎಲ್ಲರಂತೆ ಬಿಟ್ಟ ಸ್ಥಳ ತುಂಬಿಸಿದೆ. ಅಲ್ಲಿ ಸರಿಯಾಗಿ ಬರೆಯುತ್ತಿದ್ದರು. ಪ್ರಬಂಧಕ್ಕೆ ಬಂದರೆ ಮತ್ತೆ ತುಂಡು ತುಂಡು ವಾಕ್ಯ. ಆಮೇಲೆ ಚಾರ್ಟು. ಪ್ರಿಂಟು, ಲ್ಯಾಮಿನೇಷನ್ ಅಂತ ಸುಮಾರು 800 ರೂಪಾಯಿ ಕೈಯಿಂದಲೇ ಹೋಯಿತು. ಗೋಡೆ ಚೆನ್ನಾಗಿ ಕಂಡಿತು, ಅಷ್ಟೇ.

ತೊಡಕು ಇದ್ದದ್ದು ‘ಮತ್ತು’ ಹತ್ತಿರ. ‘ರವಿ ಮನೆಗೆ ಬಂದನು. ರವಿ ಊಟ ಮಾಡಿದನು.’ ಸೇರಿಸಿ ಅಂದರೆ ಮಕ್ಕಳು ‘ರವಿ ಮನೆಗೆ ಬಂದು ಊಟ ಮಾಡಿದನು’ ಎನ್ನುತ್ತಾರೆ. ನಾವು ಮಾತಾಡೋದೂ ಹಾಗೇ ಅಲ್ವಾ? ಆದರೆ ‘ಬಂದನು’ ಹೋಗಿ ‘ಬಂದು’ ಆಯಿತು, ಪೂರ್ಣ ಕ್ರಿಯಾಪದ ‘ಮಾಡಿದನು’ ಒಂದೇ ಉಳಿಯಿತು, ಅದು ಸಾಮಾನ್ಯ ವಾಕ್ಯವಾಯಿತು. ಸರಿಯಾದ ಕನ್ನಡಕ್ಕೆ ಸುಮ್ನೆ ಕೆಂಪು ಗೆರೆ ಎಳೆದರೆ ಮಗು ಏನು ಕಲಿತೀತು? ‘ಮತ್ತು’ ಕಾರ್ಡನ್ನೇ ತೆಗೆದಿಟ್ಟೆ. ‘ಆದರೆ’, ‘ಆದ್ದರಿಂದ’ ಎರಡರಿಂದಲೇ ಶುರು.

ಒಬ್ಬರು ‘ಜೋರು ಮಳೆ ಬಂತು’ ಅನ್ನಬೇಕು. ಇನ್ನೊಬ್ಬರು ಕಾರ್ಡು ಎತ್ತಬೇಕು. ಮೂರನೆಯವರು ಮುಗಿಸಬೇಕು. ‘ಆದ್ದರಿಂದ’ ಬಂದರೆ ‘ಆಟ ನಿಂತಿತು’. ‘ಆದರೆ’ ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಜೋರು ಮಳೆ ಬಂತು, ಆದರೆ ನಮ್ಮ ಬಾವಿ ತುಂಬಲಿಲ್ಲ’ ಎಂದಳು. ಅವಳು ಅದುವರೆಗೆ ಬಾಯಿ ಬಿಟ್ಟವಳೇ ಅಲ್ಲ. ನಂತರ ವಾಕ್ಯ ಬರೆದು ಎರಡೂ ಕ್ರಿಯಾಪದಕ್ಕೆ ಗೆರೆ ಹಾಕಬೇಕು. ಎರಡು ಗೆರೆ ಇಲ್ಲದಿದ್ದರೆ ಅಂಕ ಇಲ್ಲ. ಕಾರ್ಡುಗಳು ಹಳೆ ನೋಟ್‌ಬುಕ್ಕಿನ ರಟ್ಟಿನವು, ಖರ್ಚು ಸೊನ್ನೆ. ಮೊದಲ ವಾಕ್ಯಗಳನ್ನು ಯಾವ ಕ್ರಮದಲ್ಲಿ ಕೊಡುತ್ತೇನೆ ಅನ್ನೋದನ್ನು ಮಾತ್ರ ಹೇಳುವುದಿಲ್ಲ. ಅದು ನನ್ನ ಬಂಡವಾಳ.

ನಡುವೆ ಒಂದು ವಾರ ‘ಆಮೇಲೆ’ ಪದವನ್ನೇ ನಿಷೇಧಿಸಿ ನೋಡಿದೆ. ಕಳ್ಳರು, ‘ನಂತರ’ ಹಿಡಿದುಕೊಂಡರು! ಉದ್ದದ ವಾಕ್ಯಕ್ಕೆ ಸ್ಪರ್ಧೆ ಇಟ್ಟೆ. ನಾಲ್ಕು ಸಾಲು ಓಡಿತು, ಯಾರು ಯಾರಿಗೆ ಹೊಡೆದರು ಅಂತ ಬರೆದವನಿಗೇ ಗೊತ್ತಾಗಲಿಲ್ಲ.

ಕೊನೆಗೆ ‘ಮತ್ತು’ ತಂದೆ, ಕರ್ತೃ ಬೇರೆ ಬೇರೆ ಇರುವ ಕಡೆ ಮಾತ್ರ: ‘ಅಣ್ಣ ಹಾಡಿದನು ಮತ್ತು ತಂಗಿ ಕುಣಿದಳು.’ ಇಲ್ಲಿ ‘ಹಾಡಿ’ ಅಂತ ಜಾರಿಕೊಳ್ಳಲು ದಾರಿಯಿಲ್ಲ.

ಮೊದಲು 40 ಮಕ್ಕಳಲ್ಲಿ ಹತ್ತು ಜನ ಸಂಯೋಜಿತ ವಾಕ್ಯ ಸರಿಯಾಗಿ ಬರೆದರೆ ಹೆಚ್ಚು. ಈಗ ಮೂವತ್ತರ ಮೇಲಿದ್ದಾರೆ. ಉಳಿದವರು ‘ಏಕೆಂದರೆ’, ‘ಆದ್ದರಿಂದ’ ಅದಲು ಬದಲು ಮಾಡುತ್ತಾರೆ. ಅವರಿಗೆ ಒಂದೇ ವಾಕ್ಯವನ್ನು ತಿರುವಿ ಹಾಕಿಸುತ್ತಿದ್ದೇನೆ: ‘ಮಳೆ ಬಂತು, ಆದ್ದರಿಂದ ಆಟ ನಿಂತಿತು’, ‘ಆಟ ನಿಂತಿತು, ಏಕೆಂದರೆ ಮಳೆ ಬಂತು’. ಮೂರ್ನಾಲ್ಕು ಮಂದಿಗೆ ಆಗಲೇ ಹಿಡಿತ ಸಿಕ್ಕಿದೆ.