ಬ್ಯಾಂಕಿನ ಹಾಜರಿ ಪುಸ್ತಕದಲ್ಲಿ ಒಬ್ಬ ಪಾಯಿಂಟ್ ಗಾರ್ಡ್

ಬಾಸ್ಕೆಟ್‌ಬಾಲ್ ಆಡಿ ಹೊಟ್ಟೆ ಹೊರೆಯಬಹುದೇ ಎಂದು ಹುಡುಗರು ಈಗಲೂ ಕೇಳುತ್ತಾರೆ. ಹೊರೆಯಬಹುದು, ನಾನು ಹೊರೆದಿದ್ದೇನೆ. ಆದರೆ ನನಗೆ ಸಂಬಳ ಕೊಟ್ಟದ್ದು ಯಾವ ಲೀಗೂ ಅಲ್ಲ, ಸಾರ್ವಜನಿಕ ವಲಯದ ಒಂದು ಬ್ಯಾಂಕು. ನಮ್ಮ ದೇಶದಲ್ಲಿ ಈ ಆಟದ ವೃತ್ತಿ ಎಂದರೆ ಬಹುಮಟ್ಟಿಗೆ ಇದೇ: ರೈಲ್ವೆ, ಸೇನೆ, ಪೊಲೀಸ್, ಒಎನ್‌ಜಿಸಿ, ಬ್ಯಾಂಕು. ಬೆಂಗಳೂರಿನಲ್ಲಿ ಚೆಂಡು ಪುಟಿಸಲು ಕಲಿತ ನಮಗೆಲ್ಲ ವಿಜಯಾ ಬ್ಯಾಂಕ್ ತಂಡದ ಮೇಲೆ ಕಣ್ಣಿತ್ತು. ಆ ಬ್ಯಾಂಕೇ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು.

ನನ್ನ ಎತ್ತರ ಐದಡಿ ಒಂಬತ್ತು ಅಂಗುಲ. ನಾನು ಪಾಯಿಂಟ್ ಗಾರ್ಡ್, ಅಂದರೆ ಚೆಂಡನ್ನು ಮುಂದೆ ಒಯ್ದು ಪಾಸ್ ಹಂಚಿ ಆಟ ನಡೆಸುವವನು, ಆದದ್ದು ಆಯ್ಕೆಯಿಂದಲ್ಲ, ಅಳತೆಪಟ್ಟಿಯಿಂದ. ಎತ್ತರದವನಿಗೆ ಆಟವನ್ನು ಆಮೇಲೆ ಕಲಿಸಬಹುದು, ಕುಳ್ಳನಿಗೆ ಮೊದಲೇ ಬಂದಿರಬೇಕು ಎನ್ನುವುದು ಕ್ರೀಡಾ ಹಾಸ್ಟೆಲಿನ ಅಲಿಖಿತ ನಿಯಮ. ಮುಂಜಾನೆಯ ಅಭ್ಯಾಸದಲ್ಲಿ ನಮ್ಮ ಕೋಚ್ ಎರಡು ಕೈಗೂ ಒಂದೊಂದು ಚೆಂಡು ಕೊಡುತ್ತಿದ್ದರು. ಎರಡನ್ನೂ ಒಟ್ಟಿಗೆ ಪುಟಿಸುತ್ತ ಅಂಕಣದ ಆ ತುದಿಗೆ ಹೋಗಬೇಕು. ಅಲ್ಲಿ ನಿಂತ ಅವರು ಬೆರಳು ಎತ್ತುತ್ತಾರೆ, ಎಷ್ಟು ಬೆರಳೆಂದು ನಾವು ಕೂಗಿ ಹೇಳಬೇಕು. ಚೆಂಡಿನ ಕಡೆ ಕಣ್ಣು ಇಳಿಯಿತೋ, ಮತ್ತೆ ಮೊದಲಿನಿಂದ. ಪಾಸ್ ಕೊಡುವವನು ನೋಡಬೇಕಾದದ್ದು ಜೊತೆಗಾರರನ್ನು. ಚೆಂಡು ಎಲ್ಲಿದೆ ಎಂಬುದು ಅಂಗೈಗೆ ಗೊತ್ತಿದ್ದರೆ ಸಾಕು. ನನ್ನ ಎಡಗೈ ಪಳಗಿದ್ದು ಹಾಗೆ. ಮುಂದೆ ನನ್ನನ್ನು ತಂಡಕ್ಕೆ ತೆಗೆದುಕೊಂಡವರೆಲ್ಲ ಮೊದಲು ನೋಡಿದ್ದೂ ಆ ಎಡಗೈಯನ್ನೇ.

ಆಟ ಬಂದರೆ ಸಾಲದು, ಕಾಗದವೂ ಬೇಕು. ಕ್ರೀಡಾ ಕೋಟಾದ ಕೇಂದ್ರ ಸರ್ಕಾರಿ ನೌಕರಿಗೆ ಪ್ರಮಾಣಪತ್ರಗಳ ನಮೂನೆಗಳಿವೆ. ದೇಶಕ್ಕೆ ಆಡಿದವರಿಗೆ ಫಾರ್ಮ್-1, ರಾಷ್ಟ್ರೀಯ ಪಂದ್ಯಾವಳಿಯಲ್ಲಿ ರಾಜ್ಯಕ್ಕೆ ಆಡಿದವರಿಗೆ ಫಾರ್ಮ್-2, ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಫಾರ್ಮ್-3, ರಾಷ್ಟ್ರೀಯ ಶಾಲಾ ಕ್ರೀಡೆಗೆ ಫಾರ್ಮ್-4. ಪದಕವನ್ನು ಗೋಡೆಗೆ ನೇತುಹಾಕಿ ಈ ಹಾಳೆಯನ್ನು ಕಳೆದುಕೊಂಡ ಹುಡುಗರನ್ನು ಕಂಡಿದ್ದೇನೆ. ನನ್ನ ತಾಯಿ ಪದಕಗಳನ್ನು ನೆಂಟರ ಮಕ್ಕಳಿಗೆ ಆಡಲು ಕೊಟ್ಟರು, ಹಾಳೆಗಳನ್ನು ಮಾತ್ರ ಎಲ್‌ಐಸಿ ಬಾಂಡಿನ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕಿದರು. ನನ್ನ ವೃತ್ತಿಜೀವನದ ಮೊದಲ ಮ್ಯಾನೇಜರ್ ಅವರೇ ಎನ್ನಬೇಕು.

ಬ್ಯಾಂಕಿನಲ್ಲಿ ಹುದ್ದೆ ಗುಮಾಸ್ತನದು. ಬೆಳಿಗ್ಗೆ ಶಾಖೆಯಲ್ಲಿ ಸಹಿ, ಊಟದ ಹೊತ್ತಿಗೆ ಬಿಡುಗಡೆ, ಸಂಜೆ ಕಂಠೀರವ ಕ್ರೀಡಾಂಗಣದ ಅಂಕಣದಲ್ಲಿ ಅಭ್ಯಾಸ. ನಾನು ಚೀಲ ಹೆಗಲಿಗೇರಿಸಿದ ಕೂಡಲೇ ಪಕ್ಕದ ಮೇಜಿನವರು ‘ಆಡಲು ಹೊರಟರು’ ಎನ್ನುತ್ತಿದ್ದರು. ಅದರಲ್ಲಿ ಪ್ರೀತಿ ಎಷ್ಟು, ಚುಚ್ಚು ಎಷ್ಟು ಎಂದು ತೂಗಿ ನೋಡುವ ಗೋಜಿಗೆ ನಾನು ಹೋಗಲಿಲ್ಲ. ನಾನು ಬಿಟ್ಟುಹೋದ ವೋಚರುಗಳು ಅವರ ಮೇಜಿಗೇ ಹೋಗುತ್ತಿದ್ದವಲ್ಲ!

ಆಟ ಕಷ್ಟವಾದದ್ದು ಮೂರು ಅಂಕದ ಗೆರೆ, ಅಂದರೆ ಅದರಾಚೆಯಿಂದ ಬುಟ್ಟಿಗೆ ಹಾಕಿದರೆ ಎರಡರ ಬದಲು ಮೂರು ಅಂಕ ಸಿಗುವ ಗೆರೆ, ಹಿಂದೆ ಸರಿದ ಮೇಲೆ. 2010ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಫಿಬಾ ಅದನ್ನು 6.25 ಮೀಟರಿನಿಂದ 6.75ಕ್ಕೆ ಒಯ್ದಿತು. ನಮ್ಮ ಸಿಮೆಂಟು ಅಂಕಣದಲ್ಲಿ ಹಳೆಯ ಗೆರೆಯನ್ನು ಅಳಿಸದೆ ಹೊಸದನ್ನು ಬಳಿದರು. ಅರ್ಧ ಮೀಟರ್ ಏನು ಮಹಾ ಎನಿಸಬಹುದು. ಆದರೆ ದೂರದ ಶಾಟಿನ ಬಲ ತೋಳಿನದಲ್ಲ, ಕಾಲಿನದು. ಮೊಣಕಾಲು ಬಾಗಿ, ಪಾದ ನೆಲವನ್ನು ಒತ್ತಿ, ಆ ಬಲ ಸೊಂಟ ಹಾಯ್ದು ಭುಜಕ್ಕೆ ಏರಿ, ಕೊನೆಗೆ ಮಣಿಕಟ್ಟು ಮಡಚಿದಾಗ ಚೆಂಡು ತೋರುಬೆರಳು, ನಡುಬೆರಳುಗಳ ತುದಿಯಿಂದ ಬಿಡುತ್ತದೆ. ಇಡೀ ಸರಣಿಯನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕಾಯಿತು. ಮೊದಲು ಬುಟ್ಟಿಯ ಹತ್ತಿರದಿಂದ ಒಂದೇ ಕೈಯಲ್ಲಿ ಎಸೆಯುತ್ತಿದ್ದೆ. ಚೆಂಡು ರಿಂಗನ್ನು ಮುಟ್ಟದೆ ಬಲೆಯೊಳಗೆ ಇಳಿದರೆ ಮಾತ್ರ ಒಂದು ಹೆಜ್ಜೆ ಹಿಂದೆ. ಗೆರೆ ತಲುಪುವ ಹೊತ್ತಿಗೆ ತೊಡೆ ನಡುಗುತ್ತಿತ್ತು.

ಇದರ ಬಾಡಿಗೆಯನ್ನು ವಸೂಲಿ ಮಾಡಿದ್ದು ಮಂಡಿ. ಮರದ ನೆಲ ಬಿದ್ದ ಭಾರವನ್ನು ಅಷ್ಟಿಷ್ಟು ಹೀರಿಕೊಳ್ಳುತ್ತದೆ, ಸಿಮೆಂಟು ಪೂರ್ತಿ ಮರಳಿಸುತ್ತದೆ. ಚಿಪ್ಪಿನ ಕೆಳಗಿನ ಸ್ನಾಯುರಜ್ಜು ನೊಂದು, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವಂತಾಯಿತು. ಐಸ್ ಇಟ್ಟರೆ ಆ ರಾತ್ರಿಗೆ ನೆಮ್ಮದಿ, ಅಷ್ಟೇ. ಗುಣ ಕಂಡದ್ದು ಇಳಿಜಾರು ಹಲಗೆಯ ಮೇಲೆ ಒಂಟಿ ಕಾಲಿನಲ್ಲಿ ನಿಂತು ನಿಧಾನವಾಗಿ ಕುಳ್ಳಿರುವ ವ್ಯಾಯಾಮದಿಂದ. ಬೇಸರದ ಕೆಲಸ, ಫಲ ತಿಂಗಳುಗಟ್ಟಲೆ ಕಾಣುವುದಿಲ್ಲ. ಆದರೂ ನನ್ನ ಆಟದ ಆಯಸ್ಸನ್ನು ಹಿಗ್ಗಿಸಿದ್ದು ಆ ಹಲಗೆಯೇ.

ನಡುವೆ ಲೀಗುಗಳ ಗಾಳಿ ಬೀಸಿತು. 2015ರಲ್ಲಿ ಯುಬಿಎ ಎಂಬ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಶುರುವಾಯಿತು, ಬೆಂಗಳೂರಿಗೆ ಬೀಸ್ಟ್ ಎಂಬ ತಂಡ ಬಂತು. ಅದೇ ವರ್ಷ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆಯಲ್ಲಿ, ಡಲ್ಲಾಸ್ ಮಾವೆರಿಕ್ಸ್ ತಂಡ 52ನೆಯವರಾಗಿ ಆರಿಸಿಕೊಂಡಿತು. ನಮ್ಮ ಅಂಕಣದಲ್ಲಿ ದಿಢೀರನೆ ಪೋಷಕರ ಸಾಲು. ಏಳಡಿ ಎರಡು ಅಂಗುಲದ ಆ ದೇಹ ತಮ್ಮ ಮನೆಯಲ್ಲೂ ಬೆಳೆಯುತ್ತಿದೆ ಎಂದು ನಂಬಿ ಬಂದವರೇ ಹೆಚ್ಚು. 2017ರ ಸೀಸನ್ನಿನ ಬಳಿಕ ಯುಬಿಎ ಲೀಗ್ ನಡೆಯಲಿಲ್ಲ. 2022ರಲ್ಲಿ ಐಎನ್‌ಬಿಎಲ್ ಎಂಬ ಇನ್ನೊಂದು ಲೀಗ್ ಬಂದಾಗ ನಾನು ಆಡುವ ವಯಸ್ಸು ದಾಟಿದ್ದೆ. ಲೀಗ್ ಆಡಿದ ಗೆಳೆಯರು ಕಡಿಮೆಯವರಲ್ಲ. ಒಳ್ಳೆಯ ಬೆಳಕು, ವಿದೇಶಿ ಕೋಚ್ ಎಲ್ಲ ಕಂಡರು. ಆದರೆ ಲೀಗ್ ಇಲ್ಲದ ತಿಂಗಳುಗಳಲ್ಲಿ ಮನೆ ಬಾಡಿಗೆ ಕಟ್ಟುವವರು ಯಾರು? ಅದಕ್ಕಾಗಿಯೇ ನಾನು ಗುಮಾಸ್ತನ ಕುರ್ಚಿಯನ್ನು ಬಿಡಲಿಲ್ಲ. ಹೇಡಿತನ ಎಂದವರಿದ್ದಾರೆ, ಇರಲಿ.

ಹೊರರಾಜ್ಯದ ಟೂರ್ನಿಗಳಿಗೆ ರೈಲಿನಲ್ಲಿ ಹೋಗುವಾಗ ಮೇಲಿನ ಬರ್ತಿನಲ್ಲಿ ಮಲಗಿ ಬ್ಯಾಂಕಿಂಗ್ ಪರೀಕ್ಷೆ ಜೆಎಐಐಬಿಗೆ ಓದುತ್ತಿದ್ದೆ. ಕೆಳಗೆ ತಂಡದವರು ಇಸ್ಪೀಟು ಆಡುತ್ತ ನನ್ನನ್ನು ಗೇಲಿ ಮಾಡುತ್ತಿದ್ದರು. ಆ ಪರೀಕ್ಷೆ ಪಾಸಾದವರಿಗೆ ಒಂದು ಇನ್‌ಕ್ರಿಮೆಂಟ್ ಸಿಗುತ್ತಿತ್ತು, ನನಗೂ ಸಿಕ್ಕಿತು. ತಂಡದಿಂದ ಬಿಡುಗಡೆಯಾದ ಮರುವಾರ ನನ್ನನ್ನು ಸಾಲದ ವಿಭಾಗದಲ್ಲಿ ಕೂರಿಸಿದಾಗ ಫೈಲು ಓದಲು ಬರುತ್ತಿತ್ತು. ಇಸ್ಪೀಟಿನವರಲ್ಲಿ ಇಬ್ಬರು ಈಗ ಅದೇ ಪರೀಕ್ಷೆಯ ಪುಸ್ತಕಗಳನ್ನು ನನ್ನಿಂದ ಎರವಲು ಒಯ್ದಿದ್ದಾರೆ. ಇನ್ನೂ ಹಿಂದಿರುಗಿಸಿಲ್ಲ.