ಎಂ.ಟಿ. ಲೈನಿನ ಹಳೆ ಆಯಿಲ್ ಮತ್ತು ಕೆರೆ

ಬೆಂಗಳೂರಿನಲ್ಲಿ ಚರಂಡಿಗೆ ಬಿದ್ದ ಎಣ್ಣೆ ರಾಜಕಾಲುವೆ ಹಿಡಿದು ಯಾವುದಾದರೂ ಕೆರೆ ಸೇರುತ್ತದೆ. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಆರಿಸಲು ಇಳಿದವರಲ್ಲಿ ಸೈನಿಕರೂ ಇದ್ದರು. ಹಾಗಾಗಿ ಯೂನಿಟ್‌ನ ಎಂ.ಟಿ. ಲೈನಿನಲ್ಲಿ, ಅಂದರೆ ಸೇನೆಯ ಗಾಡಿಗಳನ್ನು ನಿಲ್ಲಿಸಿ ರಿಪೇರಿ ಮಾಡುವ ಜಾಗದಲ್ಲಿ, ಹಳೆ ಆಯಿಲ್ ವಿಷಯವನ್ನು ಸಡಿಲ ಬಿಡುವಂತಿಲ್ಲ.

ನಾವು ಎಂಜಿನ್ ಬೆಚ್ಚಗಿರುವಾಗಲೇ ಡ್ರೈನ್ ಪ್ಲಗ್ ಬಿಚ್ಚಿ ಇಪ್ಪತ್ತು ನಿಮಿಷ ಬಿಡುತ್ತೇವೆ. ಫಿಲ್ಟರ್‌ಗೆ ತೂತು ಹೊಡೆದು ಜಾಲರಿಯ ಮೇಲೆ ರಾತ್ರಿಯಿಡೀ ಬೋರಲು ಹಾಕುತ್ತೇವೆ. ಕೂಲೆಂಟ್, ಬ್ರೇಕ್ ಆಯಿಲ್, ಪೆಟ್ರೋಲ್ ಯಾವುದನ್ನೂ ಇಳಿಸಿದ ಹಳೆ ಆಯಿಲ್ ಜೊತೆ ಬೆರೆಸುವುದಿಲ್ಲ. ಬೆರೆತ ಮಾಲನ್ನು ರೀಸೈಕಲ್ ಮಾಡುವವರು ವಾಪಸ್ ಕಳಿಸುತ್ತಾರೆ.

ಬ್ಯಾರಲ್‌ಗೆ ಹಳೆ ಆಯಿಲ್ ತುಂಬಿಸಿಟ್ಟಾಗ ಅದರೊಳಗೆ ನೀರು ಸೇರುವುದು ಹೇಗೆಂದು ಹಲವರಿಗೆ ಹೊಳೆಯುವುದಿಲ್ಲ. 210 ಲೀಟರ್ ಬ್ಯಾರಲನ್ನು ಬಯಲಲ್ಲಿ ನಿಲ್ಲಿಸಿದರೆ ಅದರ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ರಾತ್ರಿ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಮುಚ್ಚಳದ ಸಂದಿಯಿಂದ ಆ ನೀರನ್ನು ಒಳಗೆಳೆಯುತ್ತದೆ. ಶೀಟಿನ ಕೆಳಗೆ ಇಡಬೇಕು. ಜಾಗವಿಲ್ಲದಿದ್ದರೆ ಮುಚ್ಚಳ ಎತ್ತರದ ಕಡೆ ಬರುವಂತೆ ವಾಲಿಸಿಡಬೇಕು. ಸುತ್ತ ಸಿಮೆಂಟ್ ಕಟ್ಟೆ, ಒಂದು ಬ್ಯಾರಲ್ ಪೂರ್ತಿ ಸೋರಿದರೂ ಹಿಡಿಯುವಷ್ಟು.

ಗಾಡಿ ತೊಳೆಯುವ ರ್‍ಯಾಂಪಿನ ನೀರು ಮೂರು ಅಂಕಣದ ತೊಟ್ಟಿಗೆ ಹೋಗುತ್ತದೆ. ಎಣ್ಣೆ ಮೇಲೆ ತೇಲುತ್ತದೆ, ಹೂಳು ತಳಕ್ಕಿಳಿಯುತ್ತದೆ. ಅಂಕಣದಿಂದ ಅಂಕಣಕ್ಕೆ ನೀರು ಒಯ್ಯುವ ಪೈಪಿನ ಬಾಯಿ ನಡುಮಟ್ಟದಲ್ಲಿ ಮುಳುಗಿರಬೇಕು. ಇದನ್ನು ಕೆಡಿಸುವುದು ಸೋಪಿನ ಪುಡಿ. ಸೋಪು ಸೇರಿದರೆ ಎಣ್ಣೆ ಹನಿಯಾಗಿ ಒಡೆದು, ನೀರಿನ ಜೊತೆ ಹಾಲಿನಂತೆ ಬೆರೆತು ಮೂರೂ ಅಂಕಣ ದಾಟಿಬಿಡುತ್ತದೆ. ಇನ್‌ಸ್ಪೆಕ್ಷನ್ ಹತ್ತಿರ ಬಂದಾಗ ಗಾಡಿ ಹೊಳೆಯಲೆಂದು ಡಬ್ಬಗಟ್ಟಲೆ ಸುರಿಯುವ ಅಭ್ಯಾಸ ಎಲ್ಲ ಕಡೆಯೂ ಇದೆ! ಜಿಡ್ಡನ್ನು ಮೊದಲು ಕೆರೆದು, ಬಟ್ಟೆಯಲ್ಲಿ ಒರೆಸಿ, ಆಮೇಲೆ ಪ್ರೆಷರ್ ನೀರು ಬಿಟ್ಟರೆ ಸಾಕು. ಇನ್ನೊಂದು ಶತ್ರು ಜೋರು ಮಳೆ: ಅಂಗಳದ ನೀರೂ ತೊಟ್ಟಿಗೆ ನುಗ್ಗಿದರೆ ತೇಲುವ ಎಣ್ಣೆಯನ್ನೇ ತಳ್ಳಿಕೊಂಡು ಹೋಗುತ್ತದೆ. ರ್‍ಯಾಂಪಿಗೆ ಮೇಲೆ ಶೀಟು, ಸುತ್ತ ಮೂರು ಇಂಚಿನ ಉಬ್ಬು ಬೇಕೇ ಬೇಕು.

ಚೆಲ್ಲಿದ ಎಣ್ಣೆಗೆ ನೀರು ಹಾಕುವುದಿಲ್ಲ, ಮರದ ಪುಡಿ ಹಾಕಿ ಗುಡಿಸುತ್ತೇವೆ. ಆ ಪುಡಿಯೂ ಚಿಂದಿಯೂ ಅಪಾಯಕಾರಿ ತ್ಯಾಜ್ಯವೇ. ಕಸದ ಗುಂಡಿಗಲ್ಲ, ಬೇರೆ ಡ್ರಮ್ಮಿಗೆ.

2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ ಹಳೆ ಆಯಿಲನ್ನು ಇಟ್ಟುಕೊಳ್ಳಬಹುದಾದದ್ದು 90 ದಿನ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇಲ್ಲದವರು ಎಷ್ಟೇ ಹೆಚ್ಚು ರೇಟು ಕೂಗಿದರೂ ಕೊಡಬಾರದು. ಸಾಗಿಸುವಾಗ ಫಾರಂ 10 (ತ್ಯಾಜ್ಯ ಸಾಗಣೆಯ ವಿವರ ಪತ್ರ) ಜೊತೆಗಿರಬೇಕು. ಮೊದಲ ಲೀಟರ್ ಸುರಿದ ದಿನವೇ ಬ್ಯಾರಲ್ ಮೇಲೆ ತಾರೀಕು ಬರೆಯಿರಿ. ತುಂಬಿದ ಮೇಲೆ ಬರೆಯೋಣ ಎಂದುಕೊಂಡರೆ ಅರ್ಧ ತುಂಬಿದವು ಮೂಲೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ.